ಮಾತ್ರೆ ನುಂಗಿದ್ದು ಇವತ್ತೋ, ನಿನ್ನೆಯೋ?

ಮಲ್ಲೇಶ್ವರದ 8ನೇ ಕ್ರಾಸ್‌ಗೆ ಅಪರೂಪಕ್ಕೆ ಬಂದವರಿಗೆ ಸ್ಕೂಟರ್ ನಿಲ್ಲಿಸಿದ ಜಾಗ ಚೆನ್ನಾಗಿ ನೆನಪಿರುತ್ತದೆ. ಗೊಂದಲವಾಗುವುದು ದಿನಾ ಬರುವವರಿಗೆ. ಅದೇ ರಸ್ತೆ, ಅದೇ ಹೂವಿನಂಗಡಿ, ಅದೇ ಗಾಡಿ. ನಿನ್ನೆಗೂ ಇವತ್ತಿಗೂ ಬದಲಾಗಿದ್ದು ನಾಲ್ಕು ಅಂಗಡಿ ಆಚೆಯೋ ಈಚೆಯೋ ಅನ್ನುವುದಷ್ಟೇ. ಇಂಥ ನೆನಪುಗಳು ಒಂದಕ್ಕೊಂದು ಕಲಸಿಹೋಗದಂತೆ ಕಾಯಲು ಮಿದುಳು ನಿಜಕ್ಕೂ ಶ್ರಮಪಡುತ್ತದೆ.

ಈ ಕೆಲಸದಲ್ಲಿ ಮುಖ್ಯ ಪಾತ್ರ ಮಿದುಳಿನೊಳಗೆ ಹೊಸ ನೆನಪು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್‌ನದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರ ಮೂರ್ಛೆರೋಗಕ್ಕೆ ಚಿಕಿತ್ಸೆಯಾಗಿ, ಮಿದುಳಿನ ಎರಡೂ ಬದಿಯಿಂದ ಇದರ ಒಂದಷ್ಟು ಭಾಗವನ್ನು ತೆಗೆದರು. ಆಮೇಲೆ ಹೊಸ ಘಟನೆಗಳು ಅವರ ನೆನಪಿನಲ್ಲಿ ಉಳಿಯಲೇ ಇಲ್ಲ.

ಹಿಪೊಕ್ಯಾಂಪಸ್‌ನೊಳಗೆ ಡೆಂಟೇಟ್ ಗೈರಸ್ ಅನ್ನುವ ಭಾಗವಿದೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಸೊಗಸಾದದ್ದು ಇದೇ. ಇಲಿಗಳಲ್ಲಿ ಸುಮಾರು 2 ಲಕ್ಷ ನರಕೋಶಗಳು ಕಳಿಸುವ ಸುದ್ದಿ ಇಲ್ಲಿ ಸುಮಾರು 10 ಲಕ್ಷ ಕೋಶಗಳಿಗೆ ಹರಡಿಕೊಳ್ಳುತ್ತದೆ. ಆದರೆ ಒಂದು ಸಲಕ್ಕೆ ಎಚ್ಚರಗೊಳ್ಳುವ ಕೋಶಗಳು ತೀರಾ ಕಡಿಮೆ. ಜಾಗ ಜಾಸ್ತಿ, ಬಳಕೆ ಕಡಿಮೆ. ಹಾಗಾಗಿ ಹೆಚ್ಚುಕಡಿಮೆ ಒಂದೇ ಥರದ ಎರಡು ಘಟನೆಗಳೂ ಬೇರೆ ಬೇರೆ ಕೋಶಗಳ ಗುಂಪಿಗೆ ಸೇರಬಹುದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಕ್ಯಾನರ್‌ನೊಳಗೆ ಮಲಗಿದ್ದವರಿಗೆ ಮೊದಲೇ ನೋಡಿದ್ದ ಚಿತ್ರಗಳನ್ನು ತುಸು ಬದಲಿಸಿ ತೋರಿಸಿದರು. ಈ ಭಾಗದ ಸುತ್ತಮುತ್ತ ಅವು ಹೊಸ ಚಿತ್ರಗಳೆಂಬಂತೆಯೇ ಚಟುವಟಿಕೆ ಕಂಡಿತು.

ಪಕ್ಕದ ಸಿಎ3 ಭಾಗ ಇನ್ನೊಂದು ಕೆಲಸಕ್ಕೂ ಬೇಕು. ಅಲ್ಲಿನ ಕೋಶಗಳು ತಮ್ಮತಮ್ಮಲ್ಲೇ ಹೆಣೆದುಕೊಂಡಿವೆ. ಒಂದು ತುಣುಕು ಸಿಕ್ಕರೂ ಸಾಕು, ಇಡೀ ನೆನಪು ಎದ್ದುಬರುತ್ತದೆ. ಮಲ್ಲಿಗೆಯ ಘಮ ಬಂದೊಡನೆ ಹಳೆಯ ಮದುವೆಮನೆ ನೆನಪಾಗುತ್ತದೆ, ಅಲ್ವಾ? ಬೇರ್ಪಡಿಸುವುದೂ ಬೇಕು, ಕೂಡಿಸುವುದೂ ಬೇಕು.

ವಯಸ್ಸಾದಂತೆ ಈ ಸಮತೋಲ ಕೂಡಿಸುವ ಕಡೆಗೆ ವಾಲುತ್ತದೆ. ಹೋಲುವ ಚಿತ್ರ ತೋರಿಸಿದರೆ ಹಿರಿಯರು "ಇದನ್ನೇ ಆಗ ನೋಡಿದ್ದೆ" ಅನ್ನುವುದು ಹೆಚ್ಚು. ಬಿಪಿ ಮಾತ್ರೆಯ ವಿಷಯದಲ್ಲೂ ಹೀಗಾಗಬಹುದು. ದಿನಾ ಅದೇ ಹೊತ್ತು, ಅದೇ ಲೋಟ, ಅದೇ ಮಾತ್ರೆ. ನಿನ್ನೆಯ ನೆನಪೇ ಇವತ್ತಿನದೆನಿಸುತ್ತದೆ. "ಸುಮ್ನೆ ಗಮನ ಕೊಡಲ್ಲ" ಎಂದು ಅಮ್ಮನನ್ನೋ ಅಜ್ಜನನ್ನೋ ಗದರುವುದು ನನಗೆ ಸರಿ ಕಾಣುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ವಾರದ ಏಳು ದಿನಕ್ಕೂ ಒಂದೊಂದು ಖಾನೆ ಇರುವ ಮಾತ್ರೆ ಡಬ್ಬಿ ಸಿಗುತ್ತದೆ. ಮಂಗಳವಾರದ ಖಾನೆ ಖಾಲಿಯಿದ್ದರೆ ಮಂಗಳವಾರದ ಮಾತ್ರೆ ಆಯಿತು.