31ನೇ ತಾರೀಖಿನ ಬಿಲ್‌ಗಳು ಎಲ್ಲಿ ಹೋದವು?

ಪ್ರಶ್ನೆ: ಮಾರ್ಚ್ ರಿಪೋರ್ಟ್‌ಗೆ "ಬಿಟ್ವೀನ್ '2025-03-01' ಆ್ಯಂಡ್ '2025-03-31'" ಅಂತ ಡೇಟಾಬೇಸ್‌ಗೆ ಕ್ವೆರಿ ಬರೆದಿದ್ದೇನೆ. 30ರವರೆಗೆ ಎಲ್ಲ ಸರಿಯಾಗಿ ಬರುತ್ತೆ, 31ರ ಒಂದು ಬಿಲ್ಲೂ ಬರಲ್ಲ. ಬಿಟ್ವೀನ್ ಕೊನೆಯ ದಿನವನ್ನು ಬಿಟ್ಟುಬಿಡುತ್ತಾ?

ಬಿಡುವುದಿಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ. ವರ್ಷದ ಲೆಕ್ಕ ಮುಗಿದು ಏಪ್ರಿಲ್ ಶುರುವಾಯಿತೆಂದರೆ ಇದೇ ಪ್ರಶ್ನೆ.

ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ತಪ್ಪು ಅದರದ್ದಲ್ಲ. ನಿಮ್ಮ ಕಾಲಂನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವೂ ಇದೆ. ಆಗ '2025-03-31' ಅಂದರೆ ಇಡೀ 31ನೇ ತಾರೀಖಲ್ಲ, ಆ ದಿನದ 00:00:00 ಮಾತ್ರ. ಹೊಸ್ತಿಲು ಅಂದುಕೊಳ್ಳಿ. ನೀವು ಹೊಸ್ತಿಲವರೆಗೆ ಬಂದು ನಿಂತಿರಿ, ಒಳಗೆ ಹೋಗಲೇ ಇಲ್ಲ. ಬೆಳಿಗ್ಗೆ 10:12ರ ಬಿಲ್ ಒಳಗೆ ಕೂತಿದೆ. (ಓರಾಕಲ್ ಡೇಟಾಬೇಸ್ ಬಳಸುವವರು ಜಾಸ್ತಿ ಎಚ್ಚರ ಇರಬೇಕು. ಅಲ್ಲಿ 'ಡೇಟ್' ಅನ್ನುವ ಟೈಪ್‌ನಲ್ಲೂ ಸೆಕೆಂಡ್‌ವರೆಗಿನ ಸಮಯ ಇರುತ್ತದೆ.)

ಇಷ್ಟು ಹೇಳುತ್ತಿದ್ದ ಹಾಗೇ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: "ಹಾಗಾದ್ರೆ ಸಾರ್, ಕೊನೆಗೆ 23:59:59 ಹಾಕಿದ್ರೆ ಆಯ್ತು, ಅಲ್ವಾ?"

ಆಗಲ್ಲ. ಹತ್ತು ವರ್ಷ ಅನುಭವ ಇರುವವರೂ ಇದನ್ನು ಬಿಡುವುದಿಲ್ಲ, ನನಗೆ ಸಿಟ್ಟು ಬರುವುದೇ ಇಲ್ಲಿ. 23:59:59 ಆದಮೇಲೂ ಮಾರ್ಚ್ ಇನ್ನೂ ಒಂದು ಸೆಕೆಂಡ್ ಉಳಿದಿರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು ಸೆಕೆಂಡನ್ನು 10 ಲಕ್ಷ ಭಾಗ ಮಾಡಿ ಇಟ್ಟುಕೊಳ್ಳುತ್ತದೆ. 23:59:59.4ಕ್ಕೆ ಬಿದ್ದ ಪಾವತಿ ಮಾರ್ಚ್‌ನಲ್ಲೂ ಇಲ್ಲ, ಏಪ್ರಿಲ್‌ನಲ್ಲೂ ಇಲ್ಲ. "ಆ ಹೊತ್ತಲ್ಲಿ ಯಾರು ಬಿಲ್ ಮಾಡ್ತಾರೆ?" ಅಂತ ಕೇಳಬೇಡಿ. ಜನ ಮಲಗಿರುತ್ತಾರೆ, ತಾನಾಗಿ ಓಡುವ ಬ್ಯಾಚ್ ಜಾಬ್ ಮಲಗಿರುವುದಿಲ್ಲ.

ಸರಿ, .999 ಸೇರಿಸೋಣ ಅಂತೀರಾ? ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನ ಹಳೆಯ 'ಡೇಟ್‌ಟೈಮ್' ಟೈಪ್‌ಗೆ ಮಿಲಿಸೆಕೆಂಡಿನ ಕೊನೆಯ ಅಂಕಿ 0, 3, 7 ಮಾತ್ರ ಗೊತ್ತು. 23:59:59.999 ಕೊಟ್ಟರೆ ಸುಮ್ನೆ ಮೇಲಕ್ಕೆ ಜರುಗಿಸಿ ಏಪ್ರಿಲ್ 1ರ 00:00:00 ಮಾಡಿಕೊಳ್ಳುತ್ತದೆ. ನಾನೇ ಸಿಕ್ಕಿಬಿದ್ದಿದ್ದೇನೆ. ಒಂದು ಕಡೆ ಬಾಡಿಗೆ ರಸೀದಿಗಳನ್ನು ಬರೀ ತಾರೀಖು ಹೊಡೆದು ಎಂಟ್ರಿ ಮಾಡುತ್ತಿದ್ದರು. ಸಮಯ ಕೊಡದಿದ್ದರೆ ಅದು 00:00:00 ತಾನೇ? ಏಪ್ರಿಲ್ 1ರ ರಸೀದಿಗಳೆಲ್ಲ ಮಾರ್ಚ್ ರಿಪೋರ್ಟ್‌ಗೂ ಬಂದವು, ಏಪ್ರಿಲ್‌ಗೂ ಬಂದವು. ಲೆಕ್ಕ ಬರೆಯುವವರು ಎರಡು ಪ್ರಿಂಟ್‌ಔಟ್ ಪಕ್ಕಪಕ್ಕ ಇಟ್ಟು, ಕೆಂಪು ಪೆನ್ನಿನಲ್ಲಿ ಒಂದೇ ನಂಬರಿಗೆ ಎರಡೆರಡು ಸಲ ಸುತ್ತು ಹಾಕಿ ನನ್ನ ಮುಂದಿಟ್ಟರು. .997 ಹಾಕಿದರೆ ಈ ಟೈಪ್‌ಗೆ ಸರಿಹೋಗುತ್ತದೆ, ನಿಜ. ನಾಳೆ ಯಾರೋ ಕಾಲಂ ಅನ್ನು 'ಡೇಟ್‌ಟೈಮ್2' ಮಾಡಿದರೆ, ಅದಕ್ಕೆ ಪಾಯಿಂಟ್ ಆದಮೇಲೆ 7 ಅಂಕಿ. ಮತ್ತೆ ತೂತು.

ದಿನದ ಕೊನೆಯ ಕ್ಷಣವನ್ನು ಹಿಡಿಯಲು ಹೋಗಲೇಬೇಡಿ. ಮುಂದಿನ ದಿನದ ಹೊಸ್ತಿಲು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕಿಂತ ಈಚೆಗಿನದು ಸಾಕು ಅನ್ನಿ:

ಬಿಲ್_ಸಮಯ >= '2025-03-01' ಆ್ಯಂಡ್ ಬಿಲ್_ಸಮಯ < '2025-04-01'

ಎರಡನೆಯ ಕಡೆ 'ಸಮ' ಚಿಹ್ನೆ ಇಲ್ಲ, ನೋಡಿಕೊಳ್ಳಿ. ಫೆಬ್ರವರಿಗೆ 28 ದಿನವೋ 29 ದಿನವೋ ಅನ್ನುವ ತಲೆನೋವೂ ಇಲ್ಲ. ಕಾಲಂ ಮೇಲೆ ಫಂಕ್ಷನ್ ಹಾಕಿ ಬರೀ ತಾರೀಖು ತೆಗೆದು ಹೋಲಿಸಿದರೂ ಉತ್ತರ ಸರಿ ಬರುತ್ತದೆ. ಆದರೆ ಸಾಮಾನ್ಯವಾಗಿ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಟೇಬಲ್ ಆದರೆ ಕಾಫಿ ಕುಡಿದು ಬನ್ನಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಸ್ತಿಲು ಯಾವ ಊರಿನದು? ಸರ್ವರ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಸಮಯ ಬರೆಯುತ್ತಿದ್ದರೆ ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಏಪ್ರಿಲ್ 1 ಅಲ್ಲಿ '2025-03-31 18:30'ಕ್ಕೇ ಶುರು. ಕ್ವೆರಿಯಲ್ಲಿ ಅದನ್ನೇ ಕೊಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಟೈಮ್‌ಝೋನ್ ಇರುವ ಟೈಪ್ ಆದರೆ '2025-04-01 00:00+05:30' ಅಂತ ಬರೆದರೂ ನಡೆಯುತ್ತದೆ.

ಮಧ್ಯಾಹ್ನ ವ್ಯಾಪಾರ ಮಾಡುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಹಾಲಿನ ಬೂತ್‌ನವರಿಗೆ ಬೀಳುತ್ತದೆ. ಬೆಳಗಿನ ಜಾವ 4:40ರ ಬಿಲ್ ಯುಟಿಸಿಯಲ್ಲಿ ಹಿಂದಿನ ದಿನದ 23:10. ಒಂದನೇ ತಾರೀಖಿನದಾದರೆ ಹಿಂದಿನ ತಿಂಗಳ ರಿಪೋರ್ಟ್‌ಗೇ ಹೋಗುತ್ತದೆ. ಒಬ್ಬರು ನನ್ನ ರಿಪೋರ್ಟ್ ತಿರುವಿ ಹಾಕಿ ಕೇಳಿದ್ದರು: "ಏನ್ರೀ ಇದು, ಪ್ರತಿ ತಿಂಗಳು ಒಂದನೇ ತಾರೀಖು ಮಾತ್ರ ನಾನು ಐದೂವರೆಗೆ ಅಂಗಡಿ ತೆಗೀತೀನಾ?"