ಶಿಲೀಂಧ್ರಕ್ಕೆ ಸೀಗಡಿ ಚಿಪ್ಪಿನ ಮದ್ದು

ಸೀಗಡಿ, ಏಡಿಗಳ ಮಾಂಸ ತೆಗೆದ ಮೇಲೆ ಉಳಿಯುವ ಚಿಪ್ಪು ಜಗತ್ತಿನಾದ್ಯಂತ ವರ್ಷಕ್ಕೆ 60ರಿಂದ 80 ಲಕ್ಷ ಟನ್ನಿನಷ್ಟಿದೆ ಎಂಬ ಅಂದಾಜಿದೆ. ಬಹುಪಾಲು ಕಸವಾಗಿಯೇ ಹೋಗುವ ಈ ಚಿಪ್ಪಿನಲ್ಲಿ ಸುಣ್ಣ, ಪ್ರೋಟೀನುಗಳ ಜೊತೆಗೆ ಶೇ 15ರಿಂದ 40ರಷ್ಟು ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು ಇರುತ್ತದೆ. ಬೆಳೆಗೆ ಸೊರಗು ರೋಗ ತರುವ ಫ್ಯುಸೇರಿಯಂ, ಬೇರು ಕೊಳೆಸುವ ರೈಜೋಕ್ಟೋನಿಯಾ ಮುಂತಾದ ಶಿಲೀಂಧ್ರಗಳ ಕೋಶಭಿತ್ತಿಗೆ ಗಟ್ಟಿತನ ಕೊಡುವುದೂ ಇದೇ ಕೈಟಿನ್. 1811ರಲ್ಲಿ ಫ್ರಾನ್ಸಿನ ವಿಜ್ಞಾನಿ ಆನ್ರಿ ಬ್ರಾಕೊನೊ ಇದನ್ನು ಮೊದಲು ಗುರುತಿಸಿದ್ದು ಏಡಿಯಲ್ಲಲ್ಲ, ಅಣಬೆಯಲ್ಲಿ.

ಮಣ್ಣಿನಲ್ಲಿರುವ ಬ್ಯಾಸಿಲಸ್, ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳ ಅನೇಕ ತಳಿಗಳು ಕೈಟಿನ್ನನ್ನು ಕತ್ತರಿಸುವ ಕೈಟಿನೇಸ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಸಕ್ಕರೆ ಧಾರಾಳವಾಗಿ ಸಿಗುವಾಗ ಇವು ಸಾಮಾನ್ಯವಾಗಿ ಈ ಕಿಣ್ವವನ್ನು ಹೆಚ್ಚು ತಯಾರಿಸುವುದಿಲ್ಲ. ಕೈಟಿನ್ನೇ ಆಹಾರವಾದಾಗ ಉತ್ಪಾದನೆ ಏರುತ್ತದೆ. ಚಿಪ್ಪಿನಿಂದ ಶಿಲೀಂಧ್ರವನ್ನು ಹತ್ತಿಕ್ಕುವ ಇಡೀ ವಿಧಾನ ನಿಂತಿರುವುದು ಈ ಸ್ವಭಾವದ ಮೇಲೆ: ಚಿಪ್ಪಿನ ಪುಡಿಯನ್ನು ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಾ ಶಿಲೀಂಧ್ರದ ಗೋಡೆಯನ್ನೂ ಕರಗಿಸಬಲ್ಲದು. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕೈಟಿನ್ ಬೆರೆಸಿ ಮಬ್ಬಾಗಿಸಿದ ಅಗಾರ್ ಎಂಬ ಲೋಳೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಚುಕ್ಕೆಯಿಟ್ಟರೆ, ಕೆಲವು ದಿನಗಳಲ್ಲಿ ಅದರ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ, ಹೊಸ ಗೋಡೆ ಕಟ್ಟಿಕೊಳ್ಳುತ್ತಿರುವ ಶಿಲೀಂಧ್ರದ ಎಳೆಗಳ ತುದಿಗಳು ಉಬ್ಬಿ ಒಡೆಯುತ್ತವೆ.

ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು ಸಸ್ಯದ ಪಾತ್ರ. ಗಿಡದ ದೇಹದಲ್ಲಿ ಕೈಟಿನ್ ಇಲ್ಲವಾದ್ದರಿಂದ, ಅದರ ತುಣುಕು ಸಿಕ್ಕಿತೆಂದರೆ ಶತ್ರು ಬಂದಿರಬಹುದೆಂಬ ಸೂಚನೆ. ಆ ತುಣುಕುಗಳನ್ನು ಹಿಡಿಯುವ ಗ್ರಾಹಕಗಳು ಭತ್ತದ ಕೋಶಪೊರೆಯಲ್ಲಿವೆ. ಅವು ಎಚ್ಚೆತ್ತೊಡನೆ ಗಿಡವು ತನ್ನದೇ ಕೈಟಿನೇಸನ್ನೂ ಇತರ ರಕ್ಷಣಾ ವಸ್ತುಗಳನ್ನೂ ತಯಾರಿಸತೊಡಗುತ್ತದೆ.

ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಮಾರುವುದು ರೈತನಿಗೆ ಮಾಡುವ ಅನ್ಯಾಯ. ಕೊಳೆರೋಗ ತರುವ ಫೈಟಾಫ್ಥೊರಾ, ಸಸಿಗಳ ಬುಡ ಕೊಳೆಸುವ ಪಿಥಿಯಂ ನೋಡಲು ಶಿಲೀಂಧ್ರದಂತಿದ್ದರೂ ಅವುಗಳ ಗೋಡೆಯಲ್ಲಿರುವುದು ಮುಖ್ಯವಾಗಿ ಗ್ಲುಕೋಸ್ ಸರಪಳಿಗಳಾದ ಗ್ಲುಕಾನ್ ಮತ್ತು ಸೆಲ್ಯುಲೋಸ್. ಅಲ್ಲಿ ಕೈಟಿನೇಸಿಗೆ ಹೆಚ್ಚು ಕೆಲಸವಿಲ್ಲ. ತಟ್ಟೆಯಲ್ಲಿ ಗೆದ್ದ ತಳಿಯು ತೇವ, ಉಷ್ಣತೆ ಮತ್ತು ಪೈಪೋಟಿ ಬದಲಾಗುತ್ತಲೇ ಇರುವ ಹೊಲದ ಮಣ್ಣಿನಲ್ಲಿ ಸೋಲುವುದೂ ಉಂಟು. ಒಣಗಿಸಿದರೂ ಬದುಕುಳಿಯುವ ಬೀಜಕಣಗಳನ್ನು ರೂಪಿಸಿಕೊಳ್ಳುವ ಬ್ಯಾಸಿಲಸ್ಸನ್ನು ತಯಾರಕರು ಮೆಚ್ಚುವುದು ಈ ಕಾರಣಕ್ಕೇ. ಬ್ಯಾಕ್ಟೀರಿಯಾ ಬೇರಿನ ಸುತ್ತ ನೆಲೆಯೂರಲು ಕಾಲ ಬೇಕಾಗುವುದರಿಂದ, ರೋಗ ಹರಡಿದ ಮೇಲಲ್ಲ, ಬಿತ್ತನೆ ಅಥವಾ ನಾಟಿಯ ಹೊತ್ತಿಗೇ ಅದನ್ನು ಚಿಪ್ಪಿನ ಪುಡಿಯೊಂದಿಗೆ ಮಣ್ಣಿಗೆ ಸೇರಿಸುವುದು ಲೇಸು.