ಎಲ್ಲ ಮಾತುಕತೆಯೂ ಟಾಕ್ ಶೋ ಅಲ್ಲ

ಮೊನ್ನೆ ರಾತ್ರಿ ಒಂದು ನ್ಯೂಸ್ ಚಾನೆಲ್ ತನ್ನ ಚರ್ಚೆಯನ್ನು ‘ಲೇಟ್ ನೈಟ್ ಟಾಕ್ ಶೋ’ ಅಂತ ಕರೆದುಕೊಂಡಿತು. ಪರದೆ ಮೇಲೆ ಆರು ಚೌಕ, ಆರು ಮುಖ. ಆರೂ ಜನ ಒಟ್ಟಿಗೆ ಕೂಗುತ್ತಿದ್ದರು. ಬೇಜಾರಾಗಿ ಯೂಟ್ಯೂಬ್ ತೆರೆದರೆ ಅಲ್ಲೂ ಅದೇ ಪದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಅಂತ ಕೃಷಿ ಅಧಿಕಾರಿಯೊಬ್ಬರನ್ನು ಕೇಳುವ ವಿಡಿಯೊ. ವಿಡಿಯೊ ಚೆನ್ನಾಗಿಯೇ ಇತ್ತು, ಕೆಲಸಕ್ಕೂ ಬರುವಂಥದ್ದು. ಆದರೆ ಟಾಕ್ ಶೋ ಅಲ್ಲ. ಮೊದಲನೆಯದು ಜಗಳ, ಎರಡನೆಯದು ಸಂದರ್ಶನ. ಇಬ್ಬರು ಮಾತಾಡಿದ್ದೆಲ್ಲ ಟಾಕ್ ಶೋ ಆಗುವುದಾದರೆ ನಮ್ಮ ಬಿಎಂಟಿಸಿ ಕಂಡಕ್ಟರು, ಪ್ರಯಾಣಿಕರ ಚಿಲ್ಲರೆ ವಾದವೂ ಟಾಕ್ ಶೋ ಆಗಬೇಕಲ್ಲ!

ಈ ಪದ ಗಟ್ಟಿಯಾದದ್ದು ಅಮೆರಿಕದ ರಾತ್ರಿ ಟಿವಿಯಲ್ಲಿ. 1954ರ ಸೆಪ್ಟೆಂಬರ್ 27ರಂದು ಎನ್‌ಬಿಸಿ ಜಾಲದಲ್ಲಿ ಸ್ಟೀವ್ ಆಲನ್ ‘ಟುನೈಟ್’ ಶುರು ಮಾಡಿದರು. ಆಮೇಲೆ 1957ರಿಂದ 1962ರವರೆಗೆ ಜ್ಯಾಕ್ ಪಾರ್. 1962ರ ಅಕ್ಟೋಬರ್ 1ರಿಂದ 1992ರ ಮೇ 22ರವರೆಗೆ, ಅಂದರೆ ಮೂವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ, ಜಾನಿ ಕಾರ್ಸನ್. ಇವತ್ತು ನಮಗೆ ಗೊತ್ತಿರುವ ಸಾಮಾನು ಸರಂಜಾಮೆಲ್ಲ ಈ ಮೂವರ ಕಾಲದಲ್ಲೇ ಕೂಡಿಕೊಂಡಿತು. ಪರದೆ ಸರಿಸಿ ಬಂದು ನಿಂತು ಹೇಳುವ ಅಂದಿನ ಸುದ್ದಿಯ ತಮಾಷೆ, ಒಂದು ಮೇಜು, ಪಕ್ಕದಲ್ಲಿ ಸೋಫಾ, ವಾದ್ಯದವರು, ನಗಲು ಒಬ್ಬ ಜೊತೆಗಾರ. ಕಾರ್ಸನ್ ಪಕ್ಕ ಆ ಕೆಲಸಕ್ಕೆ ಎಡ್ ಮ್ಯಾಕ್‌ಮೇಹನ್ ಇದ್ದರು. ಇಷ್ಟು ಸಾಕು. ಮೇಜು ಸೋಫಾ ಇಟ್ಟವರೆಲ್ಲ ಟಾಕ್ ಶೋ ಮಾಡಿದಂತಲ್ಲ, ಅದು ಬೇರೆ ಮಾತು.

ಗೊಂದಲ ಇರುವುದು ಆ ಮೇಜಿನ ಹಿಂದೆ ಕೂತವನನ್ನು ಏನಂತ ಕರೆಯುತ್ತೇವೆ ಅನ್ನುವುದರಲ್ಲಿ. ನಾವು ‘ನಿರೂಪಕ’ ಅನ್ನುತ್ತೇವೆ. ನಿರೂಪಕ ಅಂದರೆ ವಿಷಯವನ್ನು ಬಿಡಿಸಿ ಹೇಳುವವನು. ವಾರ್ತೆಗೆ ಸರಿ, ಸಾಕ್ಷ್ಯಚಿತ್ರಕ್ಕೆ ಸರಿ. ಆದರೆ ಇಲ್ಲಿರುವುದು ಹೋಸ್ಟ್. ಹೋಸ್ಟ್ ಅಂದರೆ ಮನೆಯ ಯಜಮಾನ. ಮನೆ ಅವನದು, ದೀಪ ಅವನದು, ಯಾರು ಎಷ್ಟು ಹೊತ್ತು ಕೂರಬೇಕು ಅನ್ನುವುದೂ ಅವನದೇ ಲೆಕ್ಕ. ಬಂದವರು ಗೆಸ್ಟ್.

ತಮಾಷೆ ಏನೆಂದರೆ ಈ ಹೋಸ್ಟ್, ಗೆಸ್ಟ್ ಎರಡೂ ಒಂದೇ ಬೇರಿನ ಪದಗಳು. ಯೂರೋಪಿನ ಭಾಷೆಗಳ ಹಳೆಯ ಮೂಲದಲ್ಲಿ ಒಂದೇ ಮಾತಿಗೆ ಮನೆಗೆ ಬಂದ ಹೊಸಬ, ಅವನನ್ನು ಕೂರಿಸಿ ಸತ್ಕರಿಸುವವನು ಎರಡೂ ಅರ್ಥ. ಲ್ಯಾಟಿನ್ನಿನಲ್ಲಿ ‘ಹಾಸ್ಪೆಸ್’ ಅಂದರೆ ಅತಿಥಿಯೂ ಹೌದು, ಆತಿಥೇಯನೂ ಹೌದು. ಅದರಿಂದಲೇ ನಾವು ದಿನಾ ಬಳಸುವ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಬಂದಿವೆ. ಇಡ್ಲಿ ವಡೆ ತಿಂದು ದುಡ್ಡು ಕೊಟ್ಟು ಬರುವ ಜಾಗಕ್ಕೆ ಹೋಟೆಲ್ ಅನ್ನುವುದು ಮಾತ್ರ ನಮ್ಮದೇ ರೂಢಿ. ಇದೇ ಬೇರಿನಿಂದ ‘ಹಾಸ್ಟಿಸ್’ ಕೂಡ ಹುಟ್ಟಿತು. ಮೊದಲು ಪರಕೀಯ, ಆಮೇಲೆ ಶತ್ರು. ಇಂಗ್ಲಿಷಿನ ಹೋಸ್ಟೈಲ್ ಅಲ್ಲಿಂದ ಬಂದದ್ದು.

ಈ ವಂಶವೃಕ್ಷ ಪೂರ್ತಿ ನೋಡಬೇಕಾದರೆ ಹಾಸ್ಯಗಾರ್ತಿ ಜೋನ್ ರಿವರ್ಸ್ ಕಥೆ ಒಂದೇ ಸಾಕು. 1965ರಲ್ಲಿ ಕಾರ್ಸನ್ ಶೋಗೆ ಗೆಸ್ಟ್ ಆಗಿ ಬಂದರು, ಜನ ಮೆಚ್ಚಿದರು. 1983ರಲ್ಲಿ ‘ಪರ್ಮನೆಂಟ್ ಗೆಸ್ಟ್ ಹೋಸ್ಟ್’ ಆದರು. ಪದವಿಯ ಹೆಸರು ನೋಡಿ. ಖಾಯಂ ಅತಿಥಿ ಯಜಮಾನಿ! ಕಾರ್ಸನ್ ರಜೆ ಹಾಕಿದಾಗ ಮೇಜಿನ ಹಿಂದೆ ಕೂರುವವರು ಅಂತ ಅರ್ಥ. 1986ರಲ್ಲಿ ಫಾಕ್ಸ್ ಕಂಪನಿ ಅವರಿಗೆ ಸ್ವಂತ ಶೋ ಕೊಟ್ಟಿತು, ಅದೂ ಕಾರ್ಸನ್ ಶೋ ಹೊತ್ತಿಗೇ. ಕಾರ್ಸನ್ ಮತ್ತೆ ಅವರ ಜೊತೆ ಮಾತಾಡಲೇ ಇಲ್ಲ. ಗೆಸ್ಟ್, ಹೋಸ್ಟ್, ಹೋಸ್ಟೈಲ್, ಮೂರೂ ಆಯಿತಲ್ಲ. ರಿವರ್ಸ್ ಮತ್ತೆ ‘ಟುನೈಟ್’ ಶೋನಲ್ಲಿ ಕಾಣಿಸಿಕೊಂಡದ್ದು 2014ರಲ್ಲಿ. ಅಷ್ಟರಲ್ಲಿ ಕಾರ್ಸನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ನಮ್ಮ ‘ಅತಿಥಿ’ ಪದ ಬೇರೆಯೇ ಹಾದಿಯದು. ತಿಥಿ ನೋಡದೆ ಬರುವವನು ಅತಿಥಿ ಅಂತ ನಮ್ಮ ಹಿರಿಯರು ಬಿಡಿಸಿ ಹೇಳುತ್ತಾ ಬಂದಿದ್ದಾರೆ. ಅಲೆಯುವುದು ಅನ್ನುವ ಅರ್ಥದ ‘ಅತ್’ ಧಾತುವಿನಿಂದ ಬಂತು ಅಂತ ಹೇಳುವವರೂ ಇದ್ದಾರೆ. ಹೇಗೆ ನೋಡಿದರೂ ಹೇಳದೆ ಕೇಳದೆ ಬರುವವನು. ಟಾಕ್ ಶೋ ಗೆಸ್ಟ್ ಇದಕ್ಕೆ ಪೂರ್ತಿ ಉಲ್ಟಾ. ಅವನ ತಾರೀಖು ಮೊದಲೇ ನಿಗದಿ. ಸಿನಿಮಾ ಬಿಡುಗಡೆಯ ವಾರ ನೋಡಿಕೊಂಡೇ ನಿಗದಿ. ಬರುವ ಮುಂಚೆ ಶೋನ ಸಿಬ್ಬಂದಿಯೊಬ್ಬರು ಅವನ ಜೊತೆ ಕೂತು ಅಥವಾ ಫೋನಿನಲ್ಲಿ ಮಾತಾಡಿರುತ್ತಾರೆ. ಯಾವ ಕಥೆ ಇದೆ, ಯಾವುದಕ್ಕೆ ಜನ ನಗುತ್ತಾರೆ, ಯಾವುದು ಬೇಡ, ಎಲ್ಲ ಬರೆದುಕೊಂಡಿರುತ್ತಾರೆ. ಅದು ಚೀಟಿಯಾಗಿ ಹೋಸ್ಟ್ ಮೇಜಿಗೆ ಬರುತ್ತದೆ. ಆಮೇಲೆ ಹೋಸ್ಟ್ ಏನೂ ಗೊತ್ತಿಲ್ಲದವನ ಹಾಗೆ, ‘ನೀವು ಹೋದ ವಾರ ನಾಯಿ ತಂದಿರಂತೆ?’ ಅಂತ ಕೇಳುತ್ತಾನೆ.

ಸಂದರ್ಶನಕ್ಕೂ ಟಾಕ್ ಶೋಗೂ ವ್ಯತ್ಯಾಸ ಇಲ್ಲೇ ಇದೆ. ಸಂದರ್ಶಕನಿಗೆ ಉತ್ತರ ಬೇಕು, ಅದಕ್ಕೆ ಕೇಳುತ್ತಾನೆ. ಹೋಸ್ಟ್‌ಗೆ ಉತ್ತರ ಮೊದಲೇ ಗೊತ್ತು. ಬಂದವರು ಚೆನ್ನಾಗಿ ಮಾತಾಡಲಿ ಅಂತ ಕೇಳುತ್ತಾನೆ. ಬ್ಯಾಟಿಗೆ ಸರಿಯಾಗಿ ಬರುವ ಫುಲ್ ಟಾಸ್ ಅದು.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2005ರಲ್ಲಿ ಡೇವಿಡ್ ಲೆಟರ್‌ಮನ್ ಶೋಗೆ ಹೋದದ್ದು ನೆನಪಿದೆಯಲ್ವಾ? ಅಪ್ಪ ಅಮ್ಮನ ಜೊತೆಗೇ ಇದ್ದೀರಾ, ದೊಡ್ಡವರಾದ ಮೇಲೂ ಹಾಗೆ ಇರುವುದು ಇಂಡಿಯಾದಲ್ಲಿ ಮಾಮೂಲಾ ಅಂತ ಲೆಟರ್‌ಮನ್ ಕೇಳಿದರು. ಅಪ್ಪ ಅಮ್ಮನ ಜೊತೆ ಊಟ ಮಾಡಲು ನಾವು ಅಪಾಯಿಂಟ್‌ಮೆಂಟ್ ತಗೋಬೇಕಾಗಿಲ್ಲ ಅನ್ನುವ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಸಭೆ ಚಪ್ಪಾಳೆ ಹೊಡೆಯಿತು. ಈ ತುಣುಕು ಇವತ್ತಿಗೂ ವಾಟ್ಸಾಪ್‌ನಲ್ಲಿ ‘ಅಮೆರಿಕದವನ ಮುಖಭಂಗ’ ಅಂತ ಓಡಾಡುತ್ತದೆ. ಮುಖಭಂಗ ಎಲ್ಲಿ ಬಂತು? ಗೆಸ್ಟ್ ಗೆದ್ದರೆ ಶೋ ಗೆದ್ದಂತೆ. ಲೆಟರ್‌ಮನ್‌ಗೆ ಬೇಕಾಗಿದ್ದೂ ಅಂಥದ್ದೇ ಉತ್ತರ. ಆ ಮಾತಿನ ಪೂರ್ತಿ ಶ್ರೇಯ ಐಶ್ವರ್ಯಾ ಅವರಿಗೆ ಸಲ್ಲಬೇಕು, ಸರಿ. ಆದರೆ ಅದನ್ನು ಜಗಳ ಅಂತ ಓದಿದರೆ ಟಾಕ್ ಶೋ ಏನು ಅಂತಲೇ ತಿಳಿದಿಲ್ಲ ಅಂತಾಯಿತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ಜ್ಯಾಕ್ ಪಾರ್. ಅವರಿಗೆ ಒಂದು ಕಾಲದಲ್ಲಿ ತಮಾಷೆ ಬರೆದುಕೊಡುತ್ತಿದ್ದ ಡಿಕ್ ಕ್ಯಾವೆಟ್ ಸ್ವಂತ ಶೋ ಶುರು ಮಾಡುವಾಗ ಪಾರ್ ಕರೆದು ಹೇಳಿದ ಬುದ್ಧಿಮಾತನ್ನು ಕ್ಯಾವೆಟ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಸಂದರ್ಶನ ಮಾಡಬೇಡ, ಮಾತುಕತೆ ಮಾಡು ಅಂತ. 1969ರ ಕೊನೆಯಿಂದ ಕ್ಯಾವೆಟ್ ಎಬಿಸಿ ಜಾಲದಲ್ಲಿ ಕಾರ್ಸನ್ ಎದುರಿಗೇ ಕೂತರು. ಜನ ನೋಡಿದ್ದು ಜಾಸ್ತಿ ಕಾರ್ಸನ್‌ರನ್ನೇ. ನನ್ನ ಓಟು ಮಾತ್ರ ಕ್ಯಾವೆಟ್‌ಗೆ.

1973ರಲ್ಲಿ ಕ್ಯಾವೆಟ್ ಅವರ ಸ್ಟುಡಿಯೊಗೆ ಕ್ಯಾಥರಿನ್ ಹೆಪ್‌ಬರ್ನ್ ಬಂದರು. ಅಷ್ಟು ದೊಡ್ಡ ನಟಿ, ಅಲ್ಲಿಯವರೆಗೆ ಟಾಕ್ ಶೋ ಕಡೆ ತಲೆ ಹಾಕಿದವರಲ್ಲ. ಬಂದದ್ದು ಸುಮ್ನೆ ಜಾಗ ನೋಡಿಕೊಂಡು ಹೋಗಲು. ಕಾರ್ಪೆಟ್ ಸರಿಯಿಲ್ಲ ಅಂದರು, ಮೇಜಿನ ಬಗ್ಗೆ ತಕರಾರು ತೆಗೆದರು, ಅಲ್ಲಿದ್ದವರಿಗೆಲ್ಲ ಅದು ಹಾಗೆ ಇದು ಹೀಗೆ ಅಂತ ಹೇಳಿದರು. ಆಮೇಲೆ, ಬಂದದ್ದು ಬಂದಾಯಿತು, ಈಗಲೇ ಮಾಡಿಬಿಡೋಣ ಅಂದುಬಿಟ್ಟರು. ಸಭಿಕರೇ ಇಲ್ಲ. ಸ್ಟುಡಿಯೊ ಕೆಲಸದವರೇ ನಗಬೇಕು. ಅದೃಷ್ಟಕ್ಕೆ ಕ್ಯಾಮೆರಾ ಮೊದಲೇ ಓಡುತ್ತಿತ್ತು, ಆ ಕಾರ್ಪೆಟ್ ತಕರಾರೂ ಟೇಪಿನಲ್ಲಿದೆ. ನನ್ನ ಮಟ್ಟಿಗೆ ಟಾಕ್ ಶೋ ಅನ್ನುವ ಪದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತಿಥಿ ನೋಡದೆ ಬಂದ ಅತಿಥಿಯೂ ಅವರೊಬ್ಬರೇ ಇರಬೇಕು.

1971ರ ಡಿಸೆಂಬರ್‌ನ ಕಂತು ಇನ್ನೊಂದು ತುದಿಯದು. ಲೇಖಕ ಗೋರ್ ವಿಡಾಲ್, ಪತ್ರಕರ್ತೆ ಜ್ಯಾನೆಟ್ ಫ್ಲ್ಯಾನರ್ ಕೂತಿದ್ದರು. ಕಾದಂಬರಿಕಾರ ನಾರ್ಮನ್ ಮೇಲರ್ ಬಂದರು, ವಿಡಾಲ್ ತಮ್ಮ ಬಗ್ಗೆ ಬರೆದದ್ದರ ಸಿಟ್ಟು ತಲೆಯಲ್ಲಿಟ್ಟುಕೊಂಡೇ ಬಂದರು. ಕೈ ಕುಲುಕಲಿಲ್ಲ. ಎಲ್ಲರಿಗಿಂತ ತಾನೇ ಬುದ್ಧಿವಂತ ಅನ್ನುವ ಧಾಟಿಯಲ್ಲಿ ಮಾತಾಡಿದಾಗ, ಆ ಬುದ್ಧಿ ಹಿಡಿಸೋಕೆ ಇನ್ನೆರಡು ಕುರ್ಚಿ ಬೇಕಾ ಅಂತ ಕ್ಯಾವೆಟ್ ಕೇಳಿದರು. ಕೊನೆಗೆ ಮೇಲರ್ ಕ್ಯಾವೆಟ್‌ಗೆ, ನಿನ್ನ ಪ್ರಶ್ನೆ ಚೀಟಿ ನೋಡಿಕೊಂಡು ಒಂದು ಪ್ರಶ್ನೆ ಕೇಳು ಅಂದರು. ಟಾಕ್ ಶೋ ಹೋಸ್ಟ್‌ಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ನೀನು ಬರೀ ಸಂದರ್ಶಕ ಅಂದ ಹಾಗೆ ಅದು. ಆ ಚೀಟಿಯನ್ನು ಐದು ಮಡಿಕೆ ಮಡಚಿ ಬೆಳದಿಂಗಳು ಬೀಳದ ಕಡೆ ಇಟ್ಟುಕೊಳ್ಳಿ ಅಂತ ಕ್ಯಾವೆಟ್ ಉತ್ತರಿಸಿದರು. ಜಾಗ ಯಾವುದು ಅಂತ ಸಭಿಕರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮೂರು ಜನ ಒಟ್ಟಿಗೆ ಹೇಗೆ ಕೂತಿದ್ದರು ಅಂದರೆ, ಆ ಕಾಲದ ಪದ್ಧತಿಯೇ ಹಾಗೆ. ತನ್ನ ಸರದಿ ಮುಗಿದ ಗೆಸ್ಟ್ ಎದ್ದು ಹೋಗುವುದಿಲ್ಲ, ಸೋಫಾದಲ್ಲಿ ಒಂದು ಸೀಟು ಆಚೆ ಸರಿಯುತ್ತಾನೆ. ಮುಂದಿನವರು ಬಂದು ಹೋಸ್ಟ್ ಪಕ್ಕ ಕೂರುತ್ತಾರೆ. ನಟಿ, ಪ್ರಾಣಿ ಪಾಲಕ, ಕಾದಂಬರಿಕಾರ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತಾರೆ. ಸಂದರ್ಶನದಲ್ಲಿ ಇದು ಸಾಧ್ಯವಿಲ್ಲ. ಹೊಸಬ ಹಾಸ್ಯಗಾರರು ನಿಂತು ತಮ್ಮ ಐದಾರು ನಿಮಿಷ ಮುಗಿಸಿದ ಮೇಲೆ ಕಾರ್ಸನ್ ಕೈ ಸನ್ನೆ ಮಾಡಿ ಸೋಫಾಗೆ ಕರೆದರೆ ಅವರ ಬದುಕೇ ಬದಲಾಗುತ್ತಿತ್ತು. 1986ರಲ್ಲಿ ಎಲೆನ್ ಡಿಜೆನೆರಸ್‌ಗೆ ಮೊದಲ ಸಲಕ್ಕೇ ಆ ಕರೆ ಬಂತು. ಹಾಗೆ ಕರೆಸಿಕೊಂಡ ಮೊದಲ ಹಾಸ್ಯಗಾರ್ತಿ ಅವರು.

ಈ ಸರಿದು ಕೂರುವ ಪದ್ಧತಿಯಿಂದಲೇ ಒಂದು ದುರಂತವೂ ಕ್ಯಾಮೆರಾ ಮುಂದೆ ನಡೆಯಿತು. 1971ರ ಜೂನ್‌ನಲ್ಲಿ ಕ್ಯಾವೆಟ್ ಶೋಗೆ ಜೆ. ಐ. ರೊಡೇಲ್ ಬಂದಿದ್ದರು. ಅಮೆರಿಕದಲ್ಲಿ ಸಾವಯವ ಕೃಷಿಯ ಮಾತನ್ನು ಮನೆಮನೆಗೆ ಮುಟ್ಟಿಸಿದ ಪ್ರಕಾಶಕ, ವಯಸ್ಸು 72. ಆರೋಗ್ಯದ ಬಗ್ಗೆ ಉತ್ಸಾಹದಿಂದ ಮಾತಾಡಿ ಪಕ್ಕಕ್ಕೆ ಸರಿದು ಕೂತರು. ಮುಂದಿನವರು ಪತ್ರಕರ್ತ ಪೀಟ್ ಹ್ಯಾಮಿಲ್. ಅವರ ಮಾತು ನಡೆಯುತ್ತಿರುವಾಗಲೇ ರೊಡೇಲ್ ಹೃದಯಾಘಾತದಿಂದ ಕುರ್ಚಿಯಲ್ಲೇ ಕುಸಿದರು. ಆ ಕಂತು ಪ್ರಸಾರ ಆಗಲೇ ಇಲ್ಲ. ಆದರೂ ಅದನ್ನು ಟಿವಿಯಲ್ಲಿ ನೋಡಿದ್ದೇನೆ ಅಂತ ಆಣೆ ಮಾಡುವವರು ಕ್ಯಾವೆಟ್‌ಗೆ ಸಿಗುತ್ತಲೇ ಇದ್ದರಂತೆ.

‘ಲೇಟ್ ನೈಟ್’ ಬಗ್ಗೆ ಎರಡೇ ಮಾತು. ಅದು ಮೂಡ್ ಅಲ್ಲ, ಟೈಮ್. ಅಮೆರಿಕದ ಪೂರ್ವ ಭಾಗದಲ್ಲಿ ಸ್ಥಳೀಯ ವಾರ್ತೆ ಹನ್ನೊಂದಕ್ಕೆ. ಅದು ಮುಗಿದ ಮೇಲಿನ ಹೊತ್ತು ಲೇಟ್ ನೈಟ್. ಶೋ ರಾತ್ರಿ ನಡೆಯುತ್ತಿತ್ತು ಅಂತಲೂ ಅಲ್ಲ. ಆಲನ್ ಕಾಲದಲ್ಲಿ ನೇರ ಪ್ರಸಾರ ಇತ್ತು ನಿಜ. ಆದರೆ 1972ರಲ್ಲಿ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯದ ಬರ್ಬ್ಯಾಂಕ್‌ಗೆ ಹೋದ ಮೇಲೆ ಕಾರ್ಸನ್ ಶೋ ಚಿತ್ರೀಕರಣ ಸಂಜೆ ಐದೂವರೆಗೆ. ನಮ್ಮಲ್ಲಿ ಜನ ಕಾಫಿ ಕುಡಿಯುವ ಹೊತ್ತು. ಹಿಂದಿನ ಪರದೆಯ ದೃಶ್ಯ ಏನೇ ಹೇಳಲಿ, ಹೊರಗೆ ಬಿಸಿಲು.

ಹಳೆಯ ಶೋಗಳ ಗೆಸ್ಟ್‌ಗಳೇ ಬೇರೆ, ಈಗಿನವರಿಗೆ ಮಾತೇ ಬರುವುದಿಲ್ಲ ಅನ್ನುವ ಕೊರಗೂ ಈ ಪದದ ಜೊತೆ ಅಂಟಿಕೊಂಡಿದೆ. ಸ್ವಲ್ಪ ತಡೆಯಿರಿ. ಆಗ ವಿಡಿಯೊ ಟೇಪ್ ದುಬಾರಿ. ಅಳಿಸಿ ಅದರ ಮೇಲೇ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ಕಾರ್ಸನ್ ಅವರ ಮೊದಲ ಹತ್ತು ವರ್ಷದ ಬಹುಪಾಲು ಕಂತುಗಳು ಹೀಗೇ ಹೋದವು. ನಾವು ನೋಡುತ್ತಿರುವುದು ಉಳಿದದ್ದನ್ನು, ಉಳಿದದ್ದರಲ್ಲೂ ಆರಿಸಿದ್ದನ್ನು. ಬೋರು ಹೊಡೆಸಿದ ಗೆಸ್ಟ್‌ಗಳು ಅಳಿಸಿಹೋದ ಟೇಪಿನಲ್ಲೂ ಬೇಕಾದಷ್ಟು ಇದ್ದಿರಬೇಕು.

ಇನ್ನು ನಮ್ಮ ಕಡೆ. ಹಿಂದಿಯಲ್ಲಿ 1990ರ ದಶಕದ ಕೊನೆಗೆ ಸೋನಿಯಲ್ಲಿ ಬಂದ ಶೇಖರ್ ಸುಮನ್ ಅವರ ‘ಮೂವರ್ಸ್ ಅಂಡ್ ಶೇಕರ್ಸ್’ ನಿಜವಾದ ಅರ್ಥದಲ್ಲಿ ಈ ಜಾತಿಯದು. ನಿಂತು ಹೇಳುವ ರಾಜಕೀಯ ತಮಾಷೆ, ವಾದ್ಯದವರು, ಗೆಸ್ಟ್, ಎಲ್ಲ ಇತ್ತು. ಕನ್ನಡದಲ್ಲಿ 2014ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ ಅನ್ನು ಎಲ್ಲರೂ ಟಾಕ್ ಶೋ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ‘ಸಾಧಕರ ಸೀಟ್’ನಲ್ಲಿ ಕೂತವರೇ ವಿಷಯ. ಪಾಠ ಹೇಳಿದ ಮೇಷ್ಟ್ರು, ಬಾಲ್ಯದ ಗೆಳೆಯರು ಒಬ್ಬೊಬ್ಬರಾಗಿ ಬರುತ್ತಾರೆ, ಕಣ್ಣು ತುಂಬುತ್ತದೆ. ಅದರ ಬಂಧುಬಳಗ ಕಾರ್ಸನ್ ಕಡೆಯದಲ್ಲ. 1952ರಲ್ಲಿ ರೇಡಿಯೊದಿಂದ ಟಿವಿಗೆ ಬಂದ ರಾಲ್ಫ್ ಎಡ್ವರ್ಡ್ಸ್ ಅವರ ‘ದಿಸ್ ಈಸ್ ಯುವರ್ ಲೈಫ್’ ಕಡೆಯದು. ಜೀವನಚರಿತ್ರೆ ಅನ್ನಿ, ಸನ್ಮಾನ ಅನ್ನಿ, ಅದೇನೂ ಕಡಿಮೆ ಮಾತಲ್ಲ.

ಮಾತಿಗಾಗಿ ಮಾತು ಅನ್ನುವ ಗುಣ ನಮ್ಮಲ್ಲಿ ಇದ್ದದ್ದು ಉದಯ ಟಿವಿಯ ‘ಹರಟೆ’ಯಲ್ಲಿ. ಹಿರೇಮಗಳೂರು ಕಣ್ಣನ್, ಪ್ರೊ. ಕೃಷ್ಣೇಗೌಡ ಮುಂತಾದವರು ಪರ ವಿರೋಧ ಅಂತ ಕೂತು ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಅಲ್ಲಿ ಯಾರಿಗೂ ಯಾವ ಉತ್ತರವೂ ಬೇಕಾಗಿರಲಿಲ್ಲ. ಹೋಸ್ಟ್‌ನ ಮೇಜಿಲ್ಲ, ಸಿನಿಮಾ ಪ್ರಚಾರಕ್ಕೆ ಬಂದ ಗೆಸ್ಟ್ ಇಲ್ಲ, ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅದೂ ಟಾಕ್ ಶೋ ಅಲ್ಲ. ಹೆಸರು ಮಾತ್ರ ಸರಿಯಾಗಿ ಇಟ್ಟಿದ್ದರು.